ಉಪ್ಪರಿಗೆಯ ಹಲಗೆಗಳು

ತೀರ್ಥಹಳ್ಳಿ ಸೀಮೆಯ ನಮ್ಮ ತವರುಮನೆಯ ಉಪ್ಪರಿಗೆಗೆ ಹಲಗೆಯ ನೆಲ. 22 ಅಡಿ ಉದ್ದ, 14 ಅಡಿ ಅಗಲ. ಅಡಿಯಲ್ಲಿ ದಪ್ಪ ತೊಲೆಗಳು, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಎಂಟೆಂಟು ಇಂಚು ಅಗಲದ ಹಲಸಿನ ಹಲಗೆಗಳ 33 ಸಾಲು. ಮರ ಹೊಸದಾಗಿದ್ದಾಗ ಅರಿಶಿನದ ಬಣ್ಣವಿದ್ದಿರಬೇಕು. ನಾನು ನೋಡುವ ಹೊತ್ತಿಗೆ ಕೆಳಗಿನ ಅಡುಗೆಮನೆಯ ಹೊಗೆ ಕುಡಿದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮಳೆಗಾಲದಲ್ಲಿ ಆ ನೆಲ ಸದ್ದಿಲ್ಲದೆ ಇರುತ್ತದೆ, ಶಿವರಾತ್ರಿ ಕಳೆದ ಮೇಲೆ ಕಾಲಿಟ್ಟಲ್ಲೆಲ್ಲ ಕಿರುಗುಟ್ಟುತ್ತದೆ. ಚಿಕ್ಕವರಿದ್ದಾಗ ಯಾವ ಹಲಗೆ ಸದ್ದು ಮಾಡುತ್ತದೆಂದು ನಮಗೆ ಬಾಯಿಪಾಠವಾಗಿತ್ತು. ಉಪ್ಪರಿಗೆಯ ಡಬ್ಬಿಯಿಂದ ಉಂಡೆಬೆಲ್ಲ ಕದಿಯುವವರಿಗೆ ಅದು ಗೊತ್ತಿರಲೇಬೇಕಿತ್ತು.

ಮೂರು ವರ್ಷದ ಹಿಂದೆ ಪಶ್ಚಿಮದ ಮಣ್ಣುಗೋಡೆಯೊಳಗಿಂದ ಗೆದ್ದಲು ಹತ್ತಿತು. ಆ ಕಡೆಯ ಒಂಬತ್ತು ಸಾಲು ಹಲಗೆ ಮೇಲಿಂದ ನೋಡಲು ಚೆನ್ನಾಗಿಯೇ ಇದ್ದವು, ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿಯುತ್ತಿದ್ದವು. ಬೆಂಗಳೂರಿನಲ್ಲಿರುವ ತಮ್ಮ ಫೋನಿನಲ್ಲೇ ತೀರ್ಮಾನ ಹೇಳಿದ: “ಎಲ್ಲಾ ಕಿತ್ತು ಸ್ಲ್ಯಾಬ್ ಹಾಕ್ಸಿಬಿಡೋಣ ಅಕ್ಕ.” ಐದು ವರ್ಷದ ಹಿಂದೆ ಅವನೇ ಕೆಳಗಿನ ನಡುಮನೆಯ ಕೆಂಪು ಕಾವಿ ನೆಲ ಒಡೆಸಿ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ್ದ. ಆಷಾಢದಲ್ಲಿ ಆ ಟೈಲ್ಸ್ ಬೆವರುತ್ತವೆ. ಎಪ್ಪತ್ತೆಂಟರ ಅಮ್ಮ ಅದರ ಮೇಲೆ ಗೋಡೆ ಹಿಡಿದುಕೊಂಡು ನಡೆಯುತ್ತಾಳೆ. ಹಳೆಯ ಕಾವಿ ನೆಲ ಅಷ್ಟು ಸುಲಭದ ಕೆಲಸವಲ್ಲ. ಸಿಮೆಂಟಿಗೆ ಆಕ್ಸೈಡ್ ಬೆರೆಸಿ, ಕರಣೆಯಲ್ಲಿ ಒಂದೇ ಸಮ ತೀಡಿ, ದಿನಗಟ್ಟಲೆ ನೀರು ನಿಲ್ಲಿಸಿ, ಆಮೇಲೆ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ ಉಜ್ಜಿ ಹೊಳಪು ತರಬೇಕು. ನೀರು ನಿಲ್ಲಿಸುವಾಗ ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಅದನ್ನು ಮಾಡುವ ಗಾರೆಯವರು ಈಗ ನಮ್ಮೂರಲ್ಲಿಲ್ಲ. ಒಡೆದದ್ದು ಒಡೆದಾಯಿತು. ಉಪ್ಪರಿಗೆಯನ್ನಾದರೂ ಉಳಿಸಿಕೊಳ್ಳಬೇಕೆಂಬ ಹಟ ನನಗೆ ಅಲ್ಲಿಂದಲೇ ಬಂದಿದ್ದು.

ಅದೇ ವರ್ಷದ ಜೂನ್ ಗಾಳಿಗೆ ಹಿತ್ತಲಿನ ಹಲಸಿನ ಮರ ಬುಡಮೇಲಾಗಿ ಬಿದ್ದಿತ್ತು. ಕಾಗದಪತ್ರದ ಕೆಲಸ ಮುಗಿಸಿ, ಸಾಮಿಲ್ಲಿಗೆ ಹಾಕಿ, ಒಂದೂಕಾಲು ಇಂಚು ದಪ್ಪಕ್ಕೆ ಸೀಳಿಸಿ, ಕೊಟ್ಟಿಗೆಯ ಅಟ್ಟದಲ್ಲಿ ನಡುವೆ ರೀಪಿನ ತುಂಡು ಕೊಟ್ಟು ಪೇರಿಸಿದೆ. ಇಂಚಿಗೊಂದು ವರ್ಷ ಒಣಗಬೇಕೆಂಬುದು ಬಡಗಿಗಳ ಲೆಕ್ಕ. ಎರಡು ವರ್ಷ ಬಿಟ್ಟೆ. ಆ ಎರಡು ವರ್ಷದಲ್ಲಿ ಶಿವಮೊಗ್ಗದ ಬಾಡಿಗೆ ಮನೆಯ ಶೀಟಿನಡಿ, ಬ್ಯಾಂಕು ಮುಗಿಸಿ ಬಂದ ಸಂಜೆಗಳಲ್ಲಿ, ಮರಗೆಲಸ ಕಲಿತೆ.

ಕಲಿಸಿದವರು ಹೆಚ್ಚಾಗಿ ಅಮೆರಿಕದ ಗಂಡಸರು. ಕಾರು ನಿಲ್ಲಿಸುವ ಗ್ಯಾರೇಜನ್ನೇ ಕಾರ್ಖಾನೆ ಮಾಡಿಕೊಂಡು, ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕ್ಯಾಮರಾದ ಮುಂದೆ ನಿಲ್ಲುವವರು. ಒಳ್ಳೆಯ ಮೇಷ್ಟರುಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಮನೆಯ ಮರಕ್ಕೂ ನಮ್ಮ ಮನೆಯ ಮರಕ್ಕೂ ಪಂಚಾಂಗ ಬೇರೆ. ಅಲ್ಲಿ ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಉರಿಯುವುದರಿಂದ ಗಾಳಿ ಒಣಗುತ್ತದೆ, ಹಲಗೆ ಕುಗ್ಗಿ ಸಂದು ಬಿಡುತ್ತದೆ, ಬೇಸಿಗೆಗೆ ಹಿಗ್ಗುತ್ತದೆ. ನಮ್ಮಲ್ಲಿ ಹಿಗ್ಗುವುದು ಜುಲೈಗೆ, ಕುಗ್ಗುವುದು ಫೆಬ್ರವರಿ ಮಾರ್ಚಿಗೆ. ಗಾಳಿಯ ತೇವ ನೂರಕ್ಕೆ ಐವತ್ತರಷ್ಟಿದ್ದರೆ ಮರದೊಳಗಿನ ನೀರು ಶೇಕಡಾ 9ರ ಆಸುಪಾಸಿಗೆ ನಿಲ್ಲುತ್ತದೆ. ತೊಂಬತ್ತಕ್ಕೇರಿದರೆ ಅದು 20 ಮುಟ್ಟುತ್ತದೆ. ಆಗುಂಬೆ ಕಡೆಯ ಮಳೆ ಕಂಡವರಿಗೆ ತೊಂಬತ್ತೆಂದರೆ ಏನೆಂದು ವಿವರಿಸಬೇಕಿಲ್ಲ, ಪೆಟ್ಟಿಗೆಯೊಳಗಿನ ಬೆಲ್ಟಿಗೂ ಬೂಷ್ಟು ಬರುವ ಕಾಲ ಅದು. ಮರ ಉದ್ದಕ್ಕೆ ಹಿಗ್ಗುವುದಿಲ್ಲವೆಂದೇ ಹೇಳಬೇಕು, ಹಿಗ್ಗುವುದು ಅಗಲಕ್ಕೆ. ಎಂಟಿಂಚಿನ ಹಲಗೆ ಬೇಸಿಗೆಯಿಂದ ಮಳೆಗಾಲಕ್ಕೆ ಮೂರು ಮಿಲಿಮೀಟರ್ ಹಿಗ್ಗಿದರೂ ಸಾಕು, 33 ಸಾಲಿಗೆ ಹತ್ತಿರ ಹತ್ತಿರ ನಾಲ್ಕು ಇಂಚು. ಒತ್ತೊತ್ತಾಗಿ ಕೂರಿಸಿ ಮೊಳೆ ಹೊಡೆದರೆ ನೆಲ ಉಬ್ಬಿ ಏಳುತ್ತದೆ. ಏಳಲು ಬಿಡದಿದ್ದರೆ ಮಣ್ಣಿನ ಗೋಡೆಯನ್ನು ತಳ್ಳುತ್ತದೆ.

ಉಪಕರಣ ಕೊಳ್ಳುವ ಕತೆ ದೊಡ್ಡದು, ಚಿಕ್ಕದಾಗಿ ಹೇಳುತ್ತೇನೆ. ಅಂಗಡಿಯವರು “ಯಜಮಾನ್ರು ಬಂದಿಲ್ವಾ ಮೇಡಂ?” ಎಂದರು. ಇಲ್ಲ ಎಂದೆ. ಕರೆಂಟಿನ ವೃತ್ತಗರಗಸ ಒಂದು, ಡ್ರಿಲ್ಲು ಒಂದು, ಮುಕ್ಕಾಲಿಂಚಿನದೂ ಅರ್ಧ ಇಂಚಿನದೂ ಉಳಿಗಳು, ಮೂಲೆಮಟ್ಟ, ರಸಮಟ್ಟ. ಇವೆಲ್ಲ ಬೇಗ ಕೈಗೆ ಒಗ್ಗಿದವು. ಒಗ್ಗದೆ ಕಾಡಿದ್ದು, ಕೊನೆಗೆ ಅತಿ ಪ್ರೀತಿಯದಾಗಿದ್ದು ಕೀಸುಳಿ. ಬಯಲುಸೀಮೆಯವರು ಇದನ್ನು ತೋಪಡ ಎನ್ನುತ್ತಾರೆ. ನಾನು ಕೊಂಡದ್ದು ಕಬ್ಬಿಣದ ಮೈಯದು. ಲಿಯೋನಾರ್ಡ್ ಬೈಲಿ ಎಂಬ ಅಮೆರಿಕದವನು ರೂಪಿಸಿ, 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಹಕ್ಕು ಕೊಂಡ ಆ ಮಾದರಿಯೇ ಇಂದಿಗೂ ಹೆಚ್ಚುಕಮ್ಮಿ ಹಾಗೇ ತಯಾರಾಗುತ್ತದೆ. ಹಿಂದಿರುವ ಪುಟ್ಟ ಹಿತ್ತಾಳೆಯ ಚಕ್ರ ತಿರುಗಿಸಿದರೆ ಅಲಗು ಕೂದಲೆಳೆಯಷ್ಟು ಮುಂದೆ ಬರುತ್ತದೆ. ಅಲಗನ್ನು 25 ಡಿಗ್ರಿಗೆ ಸಾಣೆ ಹಿಡಿಯಬೇಕು. ಹೊಸ ಅಲಗು ಅಂಗಡಿಯಿಂದ ಬರುವಾಗ ಹರಿತವಾಗಿರುವುದಿಲ್ಲ, ಹರಿತದ ಆಕಾರವಿರುತ್ತದೆ ಅಷ್ಟೆ. ಒಂದು ತಿಂಗಳು ನಾನು ಮರ ಮುಟ್ಟಲಿಲ್ಲ, ಕಲ್ಲಿನ ಮೇಲೆ ಅಲಗು ಉಜ್ಜಿದೆ. ಆಮೇಲೊಂದು ಸಂಜೆ ಹಲಸಿನ ಹಲಗೆಯ ಮೇಲಿಂದ ಈ ತುದಿಯಿಂದ ಆ ತುದಿಯವರೆಗೆ ತುಂಡಾಗದ ಸುರುಳಿ ಎದ್ದಿತು, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳುವಾಗಿ. ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಬ್ಯಾಂಕಿಗೂ ಹೋದೆ.

“ಒಳ್ಳೆ ಹಾಬಿ ಮೇಡಂ, ಟೆನ್ಷನ್ ಎಲ್ಲ ಹೋಗುತ್ತೆ” ಎಂದರು ಸಹೋದ್ಯೋಗಿಗಳು. ಹೋಗುವುದು ನಿಜ. ಆದರೆ ಆ ಮಾತು ಕೇಳಿದಾಗೆಲ್ಲ ನಮ್ಮನೆಗೆ ಬರುತ್ತಿದ್ದ ಆಚಾರ್ರ ನೆನಪಾಗುತ್ತಿತ್ತು. ಅವರಿಗೆ ಯಾರೂ ಹಾಗೆ ಹೇಳಿದ್ದಿಲ್ಲ. ಬಾಗಿಲಿನ ಚೌಕಟ್ಟು, ಅಕ್ಕಿ ಕಣಜ, ತೊಟ್ಟಿಲು, ಮಣೆ, ಕೊನೆಗೆ ಅಜ್ಜ ತೀರಿಕೊಂಡಾಗ ಚಟ್ಟಕ್ಕೆ ಬೇಕಾದ ಬಿದಿರನ್ನು ಅಳತೆಗೆ ಕೊಯ್ದು ಕೊಟ್ಟಿದ್ದೂ ಅವರೇ. ಅವರ ಕೀಸುಳಿಗೆ ಹಿತ್ತಾಳೆಯ ಚಕ್ರವಿರಲಿಲ್ಲ, ಪೂರ್ತಿ ಮರದ್ದು, ಅಲಗನ್ನು ಹಿಡಿದಿಡಲು ಒಂದು ಬೆಣೆ. ಕೊಡತಿಯಿಂದ ಮುಂದೆ ಒಂದು ತಟ್ಟು, ಹಿಂದೆ ಒಂದು ತಟ್ಟು, ಕಿವಿಗೊಟ್ಟು ಕೇಳುವವರಂತೆ ತಲೆ ವಾಲಿಸಿ ನೋಡುತ್ತಿದ್ದರು. ನೆಲದ ಮೇಲೆ ಕೂತು ಹಲಗೆಯನ್ನು ಪಾದದಲ್ಲಿ ಒತ್ತಿಹಿಡಿದು ಕೆಲಸ ಮಾಡುತ್ತಿದ್ದುದರಿಂದ ಅವರ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರವೇ ನಿಂತಿತ್ತು. ಮಧ್ಯಾಹ್ನ ಜಗಲಿಯ ಮೂಲೆಯಲ್ಲಿ ಎಲೆ ಹಾಕಿ ಬಡಿಸುತ್ತಿದ್ದರು. ಅವರೂ ಒಳಗೆ ಬರುತ್ತೇನೆನ್ನಲಿಲ್ಲ, ಮನೆಯವರೂ ಕರೆಯಲಿಲ್ಲ. ಒಳಗಿನ ಅಷ್ಟೂ ಮರ ಅವರ ಮನೆತನದ ಕೈಯದೇ ಆಗಿತ್ತು.

ಕಳೆದ ಫೆಬ್ರವರಿಯಲ್ಲಿ ಹಲಗೆ ಎಬ್ಬಿಸತೊಡಗಿದೆ. ಅಮ್ಮ ಮೆಟ್ಟಿಲ ಬುಡದಲ್ಲಿ ನಿಂತು, “ಎಂತಕ್ಕೆ ಬೇಕಿತ್ತು ಮಾರಾಯ್ತಿ ನಿಂಗೆ ಈ ಆಚಾರಿ ಕೆಲಸ, ಬೆರಳು ಹೋದ್ರೆ ನೋಟು ಎಣಿಸೋದು ಹೆಂಗೆ” ಅಂದಳು. ಈಗ ನೋಟು ಯಂತ್ರ ಎಣಿಸುತ್ತದೆ ಎಂದು ಮೇಲಿಂದಲೇ ಕೂಗಿದೆ.

ಮೊದಲ ಹಲಗೆಯ ಮೊಳೆ ಹುಡುಕುವುದೇ ಕಷ್ಟವಾಯಿತು. ಒಂದು ಅಂಚಿನಲ್ಲಿ ಕಮ್ಮಾರನ ಕೈಯ ಚೌಕ ಮೊಳೆಗಳಿದ್ದವು, ಇನ್ನೊಂದು ಅಂಚು ಖಾಲಿ. ಮರೆತಿದ್ದಾರೆ ಅಂದುಕೊಳ್ಳುವಂತಿರಲಿಲ್ಲ, ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಪ್ರತಿ ಹಲಗೆಯ ಎರಡೂ ಅಂಚನ್ನು ಅರ್ಧ ದಪ್ಪಕ್ಕೆ ಮೆಟ್ಟಿಲಿನಂತೆ ಕೆತ್ತಿ, ಒಂದರ ತುಟಿ ಇನ್ನೊಂದರ ಮೇಲೆ ಕೂರುವಂತೆ ಮಾಡಿದ್ದರು. ಮೊಳೆ ಒಂದೇ ಅಂಚಿಗೆ. ಖಾಲಿ ಅಂಚನ್ನು ಪಕ್ಕದ ಹಲಗೆಯ ತುಟಿ ಹಿಡಿದುಕೊಂಡಿರುತ್ತದೆ, ಆದರೆ ಬಿಗಿಯುವುದಿಲ್ಲ. ಮಳೆಗಾಲದಲ್ಲಿ ಹಲಗೆ ಆ ಕಡೆಗೆ ಸರಿದುಕೊಳ್ಳಬಹುದು, ಬೇಸಿಗೆಯಲ್ಲಿ ವಾಪಸು ಬರಬಹುದು. ಎರಡೂ ಬದಿಯ ಗೋಡೆಯ ಹತ್ತಿರ ಬೆರಳು ತೂರುವಷ್ಟು ಸಂದು. ನಮ್ಮ ಗೋಲಿ, ಬಳಪ, ಒಮ್ಮೆ ಅಪ್ಪನ ಪೆನ್ನಿನ ಮುಚ್ಚಳ ಅಡುಗೆಮನೆಗೆ ಉದುರುತ್ತಿದ್ದುದು ಆ ಸಂದಿನಿಂದಲೇ. ಹಳೆಮನೆ, ಕೆಲಸ ಅಷ್ಟಕ್ಕಷ್ಟೆ ಎಂದು ನೆಂಟರು ಅದನ್ನು ತೋರಿಸಿ ನಗುತ್ತಿದ್ದರು.

ಹಲಗೆ ಮಗುಚಿದಾಗ ಅಡಿಯಲ್ಲಿ ಗೆರೆಗಳು ಕಂಡವು. ಉಳಿಯ ಮೂಲೆಯಿಂದ ಎಳೆದ ಚಿಕ್ಕ ಚಿಕ್ಕ ಗೆರೆ: ಒಂದು, ಎರಡು, ಮೂರು. ಹತ್ತಕ್ಕೆ ಒಂದು ಗುಣಾಕಾರದ ಗುರುತು. ಹಲಗೆಯ ಮೇಲೆ ಎಷ್ಟು ಗೆರೆಯೋ, ಅದು ಕೂರುವ ಜಂತೆಯ ತಲೆಯ ಮೇಲೂ ಅಷ್ಟೇ. ನೆಲದಲ್ಲಿ ಜೋಡಿಸಿ ನೋಡಿ, ಬಿಚ್ಚಿ, ಮೇಲೆ ಹತ್ತಿಸಿ ಮತ್ತೆ ಜೋಡಿಸುವಾಗ ಯಾವುದು ಎಲ್ಲಿಗೆಂದು ತಪ್ಪಬಾರದಲ್ಲ, ಅದಕ್ಕೆ. ನಾನು 33ನೆಯದರಿಂದ ಹಿಂದಕ್ಕೆ ಓದುತ್ತಾ ಬಂದೆ. ಇಪ್ಪತ್ತೇಳರ ಪಕ್ಕದಲ್ಲಿ ಲೆಕ್ಕಕ್ಕೆ ಸಂಬಂಧವಿಲ್ಲದ ಪುಟ್ಟ ಮೀನೊಂದಿತ್ತು, ನಾಲ್ಕು ಗೆರೆಯ ಮೀನು. ಊಟದ ಹೊತ್ತಿಗೆ ಕಾಯುತ್ತಾ ಕೆತ್ತಿದ್ದಿರಬಹುದು.

ಒಂದು ಜಂತೆಯ ತುದಿಯೂ ಹುಸಿಯಾಗಿತ್ತು. ಅದು ಒಬ್ಬರ ಕೈಯ ಕೆಲಸವಲ್ಲ. ಆಚಾರ್ರು ಹೋಗಿ ಹತ್ತು ವರ್ಷವಾಗಿತ್ತು, ಅವರ ಮಗನಿಗೆ ಫೋನ್ ಮಾಡಿದೆ. ಆತ ಶಿವಮೊಗ್ಗದಲ್ಲಿ ಮಾಡ್ಯುಲರ್ ಕಿಚನ್ ಕೂರಿಸುತ್ತಾನೆ. ಪ್ಲೈವುಡ್ಡು, ಲ್ಯಾಮಿನೇಟು, ಅಂಟು, ಸ್ಕ್ರೂ ಗನ್ನು. ಎರಡು ಭಾನುವಾರ ಬಂದ. ಕೂಲಿ ಎಷ್ಟೆಂದು ಮೊದಲೇ ಕೇಳಿದೆ, ಅವನೂ ಹಿಂಜರಿಯದೆ ಹೇಳಿದ, ಅದು ನನಗೆ ಇಷ್ಟವಾಯಿತು. ಹಳೆಯ ಜಂತೆಯ ಪಕ್ಕಕ್ಕೆ ಹೊಸದೊಂದನ್ನು ಜೋಡಿಸಿ ಬೋಲ್ಟು ಬಿಗಿದೆವು. ಗೋಡೆಯೊಳಗೆ ಹೋಗುವ ತುದಿಗೆ ಗೇರೆಣ್ಣೆ ಹಚ್ಚಿದೆವು. ಗೇರುಬೀಜದ ಸಿಪ್ಪೆಯ ಆ ಕಪ್ಪೆಣ್ಣೆಗೆ ಗೆದ್ದಲು ಹತ್ತಿರ ಸುಳಿಯುವುದಿಲ್ಲ, ಕೈಗೆ ತಾಗಿದರೆ ಮನುಷ್ಯರ ಚರ್ಮವೂ ಉಳಿಯುವುದಿಲ್ಲ. ನನ್ನ ಕಬ್ಬಿಣದ ಕೀಸುಳಿ ನೋಡಿ ಅವನು ಬೆಲೆ ಕೇಳಿದ. ಹೇಳಿದೆ. “ಇದ್ರಲ್ಲಿ ಹೊಟ್ಟೆ ತುಂಬಲ್ಲ ಅಕ್ಕ,” ಅಂದ. “ದಿನಕ್ಕೆ ಎರಡು ಹಲಗೆ ಹೆರೆದ್ರೆ ಯಾರು ಕೊಡ್ತಾರೆ? ನಿಮಗೆ ಆಗುತ್ತೆ, ತಿಂಗಳಾದ್ರೆ ಸಂಬಳ ಬರುತ್ತೆ.” ಸಿಟ್ಟಿನಲ್ಲಿ ಹೇಳಿದ್ದಲ್ಲ, ಅಳತೆ ಹೇಳಿದ ಹಾಗೆ ಹೇಳಿದ. ಆದರೂ ಅಲಗು ಹರಿತವಿದೆಯೆಂದು ಮುಂಗೈ ಕೂದಲ ಮೇಲೆ ಎಳೆದು ನೋಡಿ, ಒಂದು ಅಂಚು ಹೆರೆದುಕೊಟ್ಟ. ಪ್ಲೈವುಡ್ಡಿನಲ್ಲಿ ಹದಿನೈದು ವರ್ಷ ಕಳೆದ ಕೈಯಿಂದ ಬಂದ ಸುರುಳಿ ನನ್ನದಕ್ಕಿಂತ ತೆಳುವಾಗಿತ್ತು.

ಮಧ್ಯಾಹ್ನ ಅಮ್ಮ ನಡುಮನೆಯಲ್ಲಿ ಮೂರು ಎಲೆ ಹಾಕಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. “ಬಾ ಮಗಾ, ಒಳಗೆ ಕೂತ್ಕ” ಅಂದಳು. ಅವನು ಹೊಸ್ತಿಲಿನವರೆಗೆ ಬಂದು, ಟೈಲ್ಸ್ ನೋಡಿ, “ಮೈ ತುಂಬಾ ಹೊಟ್ಟು ಇದೆ ಅಮ್ಮ, ಜಗಲಿಲೇ ಗಾಳಿ ಚೆನ್ನಾಗಿದೆ” ಎಂದು ಅವನ ಅಪ್ಪ ಕೂರುತ್ತಿದ್ದ ಮೂಲೆಯಲ್ಲೇ ಕೂತ. ನನ್ನ ಬಟ್ಟೆಯಲ್ಲೂ ಅಷ್ಟೇ ಹೊಟ್ಟಿತ್ತು. ಅಮ್ಮ ಎಲೆ ಎತ್ತಿಕೊಂಡು ಹೋಗಿ ಅಲ್ಲೇ ಹಾಕಿದಳು, ಹುಳಿಯನ್ನು ಎರಡು ಸಲ ಬಡಿಸಿದಳು.

ಊಟವಾದ ಮೇಲೆ ಅವನಿಗೆ ಗೆರೆಗಳನ್ನು ತೋರಿಸಿದೆ. ಹೆಬ್ಬೆರಳಿನಿಂದ ಒಂದೊಂದನ್ನೂ ಸವರಿದ. “ಅಪ್ಪಂದಲ್ಲ ಇದು. ಅಪ್ಪ ಹತ್ತಕ್ಕೆ ಸೊನ್ನೆ ಹಾಕ್ತಿದ್ರು. ಇದು ಅಜ್ಜಂದು.” ಮೀನು ಕಂಡಾಗ ಏನೂ ಹೇಳಲಿಲ್ಲ. ಗೆದ್ದಲು ತಿಂದ ಹಲಗೆಗಳನ್ನು ಏನು ಮಾಡುತ್ತೀರಿ ಎಂದು ಕೇಳಿದ. ಬಚ್ಚಲೊಲೆಗೆ ಎಂದೆ. ಇಪ್ಪತ್ತೇಳನೆಯದರ ತುದಿ ಎರಡಡಿ ಗಟ್ಟಿಯಿತ್ತು, ಅಷ್ಟನ್ನು ಕೊಯ್ದು ಕೊಡುತ್ತೀರಾ ಎಂದ. ಕೊಯ್ದೆ, ಕೈಗರಗಸದಲ್ಲಿ. ಗೋಣಿಚೀಲದಲ್ಲಿ ಸುತ್ತಿ, ಬೈಕಿನ ಹಿಂದೆ ಟ್ಯೂಬಿನಿಂದ ಕಟ್ಟಿಕೊಂಡು ಹೋದ.

ಮಳೆ ಹಿಡಿಯುವುದರೊಳಗೆ ಏಳು ಸಾಲು ಮುಗಿದವು, ಮೊಳೆ ಒಂದೇ ಅಂಚಿಗೆ, ಹಲಗೆ ಹಲಗೆಯ ನಡುವೆ ಮೂರು ಮಿಲಿಮೀಟರ್ ಬಿಟ್ಟು. ಹೊಸ ಹಲಗೆಯ ಹಳದಿ ಹಳೆಯದರ ಪಕ್ಕದಲ್ಲಿ ಕಣ್ಣಿಗೆ ಹೊಡೆಯುತ್ತದೆ. ತಮ್ಮ ಬಂದಾಗ ಪಾಲಿಶ್ ಹಾಕಿಸಿ ಒಂದೇ ಬಣ್ಣ ಮಾಡೋಣ ಎಂದ, ಅಮ್ಮ ಬೇಡವೆಂದಳು, ಕೆಳಗೆ ಒಲೆ ಉರಿಯುತ್ತದಲ್ಲ ಎಂದಳು. ಜುಲೈ ಕೊನೆಯ ವಾರ ಹೋಗಿ ನೋಡಿದೆ. ನಾನು ಬಿಟ್ಟ ಸಂದುಗಳಲ್ಲಿ ಪೋಸ್ಟ್‌ಕಾರ್ಡ್ ಕೂಡ ತೂರುತ್ತಿರಲಿಲ್ಲ. ಉಳಿದ ಎರಡು ಸಾಲಿನ ಹಲಗೆ ಕೊಟ್ಟಿಗೆಯ ಅಟ್ಟದಲ್ಲಿವೆ. ಅಡಿಮೈಯಲ್ಲಿ ಗೆರೆ ಎಳೆದಾಗಿದೆ, ಹತ್ತಕ್ಕೆ ಗುಣಾಕಾರ. ಗೋಡೆಯ ಸಂದನ್ನು ಬೆರಳಿನಷ್ಟೇ ಬಿಡುತ್ತೇನೆ. ತಮ್ಮನ ಮಗಳಿಗೆ ಈಗ ಆರು ವರ್ಷ, ದಸರಾ ರಜೆಗೆ ಬರುತ್ತಾಳೆ, ಗೋಲಿ ತರಲು ಹೇಳಿದ್ದೇನೆ.