ತಕ್ಕಡಿಯ ಸಾಕ್ಷಿ

ಮೀನು ನೀರಿನಲ್ಲಿ ನಿಧಾನವಾಗಿ ಬೆಳೆಯುತ್ತದೆ; ಹಿಡಿದವನ ಬಾಯಲ್ಲಿ ಬಲುಬೇಗ ಬೆಳೆಯುತ್ತದೆ. ಹರಿಹರದ ಬಳಿ ತುಂಗಭದ್ರೆಯಲ್ಲಿ ಗಾಳಕ್ಕೆ ಬಿದ್ದ ನಾಲ್ಕು ಕಿಲೋ ತೂಕದ ಬಾಳೆಮೀನು, ಸುದ್ದಿಯಾಗಿ ದಾವಣಗೆರೆಯ ಪೇಟೆಯನ್ನು ಮುಟ್ಟುವ ವೇಳೆಗೆ ಎಂಟು ಕಿಲೋ ಆಗಿದ್ದರೆ ಆಶ್ಚರ್ಯವಿಲ್ಲ. ತಪ್ಪಿಸಿಕೊಂಡ ಮೀನಿನ ಗಾತ್ರಕ್ಕಂತೂ ಎಲ್ಲೆಯೇ ಇಲ್ಲ. ಇದು ಮನುಷ್ಯಸಹಜವಾದ ದೌರ್ಬಲ್ಯ. ಆದರೆ ಲೋಕದ ಮುಂದೆ ‘ಇದೇ ಎಲ್ಲಕ್ಕಿಂತ ದೊಡ್ಡದು’ ಎಂದು ಸಾರಹೊರಟವನಿಗೆ ನಾಲಗೆಯ ಸಾಕ್ಷಿ ಸಾಲದು. ತಕ್ಕಡಿಯ ಸಾಕ್ಷಿ ಬೇಕು.

ಗಾಳದಿಂದ ಹಿಡಿದ ಮೀನುಗಳ ವಿಶ್ವದಾಖಲೆಗಳನ್ನು ಇಂಟರ್‌ನ್ಯಾಷನಲ್ ಗೇಮ್ ಫಿಶ್ ಅಸೋಸಿಯೇಷನ್ ಎಂಬ ಸಂಸ್ಥೆ ಕಾಪಿಡುತ್ತದೆ. ಅದು 1939ರಲ್ಲಿ ಸ್ಥಾಪನೆಯಾಯಿತು. ಸಿಹಿನೀರಿನ ಮೀನುಗಳ ದಾಖಲೆಯ ಹೊಣೆಯನ್ನು ಅದು ವಹಿಸಿಕೊಂಡದ್ದು 1978ರಲ್ಲಿ. ಅದರ ನಿಯಮಗಳು ಬಹು ಕಟ್ಟುನಿಟ್ಟಾದವು. ಮೀನನ್ನು ಗಾಳಕ್ಕೆ ಸಿಕ್ಕಿಸಿ ದಣಿಸುವವನು ಒಬ್ಬನೇ ಆಗಿರಬೇಕು. ಮತ್ತೊಬ್ಬನು ಕೋಲನ್ನು ಮುಟ್ಟಿದರೆ ಆ ಮೀನು ದಾಖಲೆಗೆ ಸಲ್ಲದು. ದೋಣಿ ಓಲಾಡುವುದರಿಂದ ಅದರಲ್ಲಿ ತೂಗುವಂತಿಲ್ಲ. ನೆಲದ ಮೇಲೆಯೇ ತೂಗಬೇಕು. ತಕ್ಕಡಿ ಅಧಿಕೃತವಾಗಿ ಪರೀಕ್ಷಿತವಾಗಿರಬೇಕು. ಮೀನನ್ನು ಬಟ್ಟೆಯಲ್ಲಿಟ್ಟು ತೂಗಿದರೆ ಬಟ್ಟೆಯ ತೂಕವನ್ನು ಕಳೆಯಬೇಕು. ಮೀನು, ಕೋಲು, ತಕ್ಕಡಿಗಳ ಛಾಯಾಚಿತ್ರಗಳನ್ನೂ, ಬಲವನ್ನು ಪರೀಕ್ಷಿಸಲು ಗಾಳದ ದಾರದ ತುಣುಕನ್ನೂ ಅರ್ಜಿಯೊಡನೆ ಕಳುಹಿಸಬೇಕು. ದಾವಣಗೆರೆಯ ವರ್ತಕನಿಗೆ ಇದರಲ್ಲಿ ಹೊಸತೇನೂ ಕಾಣದು. ಸರಕಾರದ ಮುದ್ರೆಯಿಲ್ಲದ ತಕ್ಕಡಿಯಲ್ಲಿ ಮೆಕ್ಕೆಜೋಳವನ್ನಾದರೂ ತೂಗಬಾರದೆಂಬುದು ಅವನಿಗೆ ತಿಳಿದ ಸಂಗತಿಯೇ.

ಕನ್ನಡ ನಾಡಿನ ಒಂದು ಮೀನು ಈ ವಿಷಯದಲ್ಲಿ ಲೋಕಪ್ರಸಿದ್ಧವಾಗಿದೆ. ಅದು ಕಾವೇರಿಯ ಮಹಶೀರ್. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ 120 ಪೌಂಡಿನ, ಎಂದರೆ ಸುಮಾರು 54 ಕಿಲೋ ತೂಕದ ಮಹಶೀರನ್ನು ಹಿಡಿದರು. ಆದರೆ ಮೇಲಿನ ಸಂಸ್ಥೆಯ ಪುಸ್ತಕದಲ್ಲಿ ನಮೂದಾದುದು 1984ರ ಮಾರ್ಚಿಯಲ್ಲಿ ರಾಬರ್ಟ್ ಹೋವಿಟ್ ಕಾವೇರಿಯಲ್ಲಿ ಹಿಡಿದ 95 ಪೌಂಡಿನ ಮೀನು. ಅದು 43.09 ಕಿಲೋ ತೂಗಿತ್ತು. ಈ ಗಾತ್ರದ ಮೀನಿನ ದಾಖಲೆಯನ್ನು ಮುರಿಯಲು ಕೂದಲೆಳೆಯ ಅಂತರ ಸಾಲದು. ನೂರಕ್ಕೆ ಅರ್ಧದಷ್ಟಾದರೂ ಹೆಚ್ಚಿರಬೇಕು. ಇಲ್ಲಿ ಆ ಅಂತರ ಸುಮಾರು 215 ಗ್ರಾಂ ಆಗುತ್ತದೆ.

ಇಷ್ಟು ನಿಖರವಾಗಿ ತೂಗಲು ಮನುಷ್ಯನು ಕಲಿತನು. ಆದರೆ ತೂಗಬೇಕಾದ ಮೀನೇ ವಿರಳವಾಯಿತು. ಆ ಬೆನ್ನುಗೂನಿನ ಮಹಶೀರ್ 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ದಡದ ಮೇಲೆ ಹೆಚ್ಚು ಹೊತ್ತು ಇರಿಸಿದ ಮೀನು ಬದುಕುವುದು ಕಷ್ಟ. ಆದುದರಿಂದ ಆ ಸಂಸ್ಥೆಯೂ 2011ರಿಂದ ಮೀನಿನ ಉದ್ದವನ್ನಷ್ಟೇ ಅಳೆದು, ಅದನ್ನು ಜೀವಂತವಾಗಿ ನೀರಿಗೆ ಬಿಡುವ ಇನ್ನೊಂದು ಬಗೆಯ ದಾಖಲೆಯನ್ನು ಆರಂಭಿಸಿತು.

ಹರಿಹರಕ್ಕೆ ಹರಿದುಬರುವ ತುಂಗೆಯ ಮೇಲ್ದಂಡೆಯಲ್ಲಿ, ಶೃಂಗೇರಿಯ ಸೋಪಾನಗಳ ಬಳಿ, ದೊಡ್ಡ ಮೀನುಗಳು ನಿರ್ಭಯವಾಗಿ ಗುಂಪುಗೂಡುತ್ತವೆ. ಅವುಗಳನ್ನು ಯಾರೂ ಹಿಡಿಯುವುದಿಲ್ಲ. ಅವುಗಳ ತೂಕ ಯಾವ ಪುಸ್ತಕದಲ್ಲಿಯೂ ಇಲ್ಲ. ಸತ್ಯವನ್ನು ತೂಗಿ ಹೇಳುವುದು ದೊಡ್ಡ ಗುಣ. ತೂಗದೆ ಬಿಡಬೇಕಾದುದನ್ನು ಅರಿಯುವುದು ಅದಕ್ಕಿಂತಲೂ ದೊಡ್ಡ ಗುಣ.