ಗಂಡುಮಕ್ಕಳಿಗೆ ಯಾರು ಹೇಳಬೇಕು?

ನಾನು ಪ್ರೌಢಶಾಲೆಯಲ್ಲಿದ್ದ ಕಾಲದಲ್ಲಿ ನಮ್ಮೂರಿನ ಹೆಣ್ಣುಮಗಳು ಮೈನೆರೆದರೆ ಅಕ್ಕಪಕ್ಕದವರೆಲ್ಲ ಸೇರಿ ಆರತಿ ಎತ್ತಿ ಚಿಗಳಿ ತಿನ್ನಿಸುತ್ತಿದ್ದರು. ಅವಳಿಗೆ ಮುಜುಗರ ಎಷ್ಟೇ ಆಗಲಿ, ಮೈಯಲ್ಲಿ ಆದದ್ದು ಸಹಜವೆಂಬ ಮಾತಾದರೂ ಕಿವಿಗೆ ಬೀಳುತ್ತಿತ್ತು. ಅದೇ ಮನೆಯ ಗಂಡುಹುಡುಗನ ಮೈ ಬದಲಾಗುವಾಗ ಮಾತ್ರ ಎಲ್ಲರದೂ ಮೌನ. ನಮಗೆ ಸಿಕ್ಕಿದ್ದು ಬಸ್ ನಿಲ್ದಾಣದ ಗೋಡೆಯ ಮೇಲಿನ 'ಗುಪ್ತರೋಗ, ನರದೌರ್ಬಲ್ಯ' ಜಾಹೀರಾತು ಒಂದೇ. ನಿದ್ದೆಯಲ್ಲಿ ವೀರ್ಯ ಹೋದರೆ ದೇಹ ಸವೆಯುತ್ತದೆಂದು ಅದು ಹೆದರಿಸುತ್ತಿತ್ತು. ಆ ಹೆದರಿಕೆಯಲ್ಲಿ ಎಷ್ಟೋ ರಾತ್ರಿ ಎದ್ದು ಕುಳಿತಿದ್ದೇನೆ.

ಹುಡುಗರೇ, ಸ್ವಪ್ನಸ್ಖಲನ ರೋಗವಲ್ಲ. ವೀರ್ಯ ದೇಹದಲ್ಲಿ ತಯಾರಾಗುತ್ತಲೇ ಇರುತ್ತದೆ. ಹೊರಹೋದರೆ ರಕ್ತ ಕಡಿಮೆಯಾಗುವುದಿಲ್ಲ, ನೆನಪಿನ ಶಕ್ತಿಯೂ ಕುಗ್ಗುವುದಿಲ್ಲ. ಈ ಭಯ ನಮ್ಮ ದೇಶದಲ್ಲಿ ಎಷ್ಟು ಹಬ್ಬಿತ್ತೆಂದರೆ, ಮನೋವೈದ್ಯ ಎನ್.ಎನ್. ವಿಗ್ ಅವರು 1960ರಲ್ಲೇ ಅದಕ್ಕೆ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಸೊರಗಿಸುವುದು ವೀರ್ಯನಷ್ಟವಲ್ಲ, ಅದರ ಚಿಂತೆ.

ಇನ್ನೊಂದು ಸಂಕಟ ಹೋಲಿಕೆಯದು. ಹರೆಯದ ಬದಲಾವಣೆಗಳು ಸಾಮಾನ್ಯವಾಗಿ 9ರಿಂದ 14 ವರ್ಷದೊಳಗೆ ಯಾವಾಗ ಬೇಕಾದರೂ ಶುರುವಾಗಬಹುದು. ಒಂದೇ ಬೆಂಚಿನ ಇಬ್ಬರಲ್ಲಿ ಒಬ್ಬನಿಗೆ ಮೀಸೆ ಚಿಗುರಿ, ಇನ್ನೊಬ್ಬನ ದನಿ ಇನ್ನೂ ಎಳೆಯದಾಗಿದ್ದರೆ ಇಬ್ಬರೂ ಸರಿಯಾಗಿಯೇ ಇದ್ದಾರೆ. ಧ್ವನಿಪೆಟ್ಟಿಗೆ ದೊಡ್ಡದಾಗುವಾಗ ದನಿ ಒಡೆಯುತ್ತದೆ, ಕೆಲವು ತಿಂಗಳಲ್ಲಿ ನೆಲೆಗೊಳ್ಳುತ್ತದೆ. ಸುಮಾರು ಅರ್ಧದಷ್ಟು ಹುಡುಗರಿಗೆ ಎದೆಯ ತೊಟ್ಟಿನ ಕೆಳಗೆ ಸಣ್ಣ ಗಂಟಿನಂತೆ ಊದಿಕೊಳ್ಳುತ್ತದೆ, ಮುಟ್ಟಿದರೆ ನೋಯಲೂಬಹುದು. ಗೆಳೆಯರ ಗೇಲಿಗೆ ಅಂಜಿ ಈಜುವುದನ್ನೇ ಬಿಟ್ಟವರಿದ್ದಾರೆ. ಹಾರ್ಮೋನುಗಳ ಏರುಪೇರಿನಿಂದ ಬರುವ ಈ ಊತ ಸಾಮಾನ್ಯವಾಗಿ ಎರಡು ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ. ಒಂದು ವೃಷಣ ಇನ್ನೊಂದಕ್ಕಿಂತ ಕೊಂಚ ಕೆಳಗಿರುವುದೂ ಸಹಜವೇ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳೂ ಇವೆ. 14 ತುಂಬಿದರೂ ಯಾವ ಬದಲಾವಣೆಯೂ ಕಾಣದಿದ್ದರೆ ಒಮ್ಮೆ ತೋರಿಸಿ. ವೃಷಣದಲ್ಲಿ ಹಠಾತ್ತನೆ ತೀವ್ರ ನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಅದು ತಿರುಚಿಕೊಂಡಿದ್ದರೆ ಉಳಿಸಿಕೊಳ್ಳಲು ಇರುವುದು ಕೆಲವೇ ಗಂಟೆ. ನಾಚಿಕೆಯಿಂದ ಬಾಯಿ ಬಿಡದಿದ್ದರೆ ಅಪಾಯ.

ಹಾಗಾಗಿ ತಂದೆಯರಲ್ಲಿ ಒಂದು ವಿನಂತಿ. ಮಗನಿಗೆ ಮೀಸೆ ಮೂಡುವ ಮೊದಲೇ ಇಷ್ಟನ್ನು ಹೇಳಿಬಿಡಿ. ಎದುರು ಕೂರಿಸಿಕೊಂಡು ಪಾಠ ಮಾಡಬೇಕಿಲ್ಲ. ನಾನು ನನ್ನ ಮಗನಿಗೆ ಹೇಳಿದ್ದು ಸಂಜೆ ಗದ್ದೆಯ ಬದಿಯಲ್ಲಿ ಜೊತೆಯಾಗಿ ನಡೆಯುವಾಗ. ಪಕ್ಕದಲ್ಲಿ ನಡೆಯುವವರು ಮುಖ ನೋಡಬೇಕಾಗಿಲ್ಲವಲ್ಲ, ಸಂಕೋಚ ಕಡಿಮೆ. "ಸರಿ ಅಪ್ಪ" ಎಂದಷ್ಟೇ ಅಂದು ಸುಮ್ಮನಾದ. ಮರುವಾರ ತಾನಾಗಿಯೇ ಬಂದು ಎರಡು ಪ್ರಶ್ನೆ ಕೇಳಿದ.