ಬ್ಯಾಲರಟ್‌ನ ಮಾತಾಡುವ ಬೇಲಿ

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಿಂದ ಸುಮಾರು 110 ಕಿ.ಮೀ. ದೂರದಲ್ಲಿರುವ ಬ್ಯಾಲರಟ್, ನಮ್ಮ ಕೋಲಾರದ ಚಿನ್ನದ ಗಣಿಯಂತೆ, ಚಿನ್ನದಿಂದಲೇ ಹೆಸರಾದ ಊರು. 1851ರಲ್ಲಿ ಇಲ್ಲಿ ಚಿನ್ನ ಕಾಣಿಸಿಕೊಂಡಿತು. 1858ರಲ್ಲಿ ಸಿಕ್ಕಿದ ಒಂದೇ ಒಂದು ಗಟ್ಟಿ 69 ಕಿಲೋ ತೂಗುತ್ತಿತ್ತಂತೆ. 2018ರ ಮೇ ತಿಂಗಳಲ್ಲಿ, ನಮ್ಮ ಶಾಲೆಗೆ ರಜೆಯಿದ್ದಾಗ, ಮೆಲ್ಬರ್ನ್‌ನಲ್ಲಿ ಓದುತ್ತಿದ್ದ ಮಗನ ಜೊತೆ ನಾನು ರೈಲು ಹತ್ತಿದ್ದು ಆ ಗಣಿಗಳ ಕಾಲವನ್ನು ಮರುಸೃಷ್ಟಿಸಿರುವ ಸಾವರಿನ್ ಹಿಲ್ ನೋಡಲೆಂದೇ. ಅದು ಚೆನ್ನಾಗಿಯೇ ಇದೆ. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಬ್ಯಾಲರಟ್ ಹಳೆಯದನ್ನು ಮರೆಯುವ ಊರಲ್ಲ. ಇಲ್ಲಿಯ ಸಸ್ಯೋದ್ಯಾನದಲ್ಲಿ ದೇಶದ ಪ್ರಧಾನಿಗಳ ಕಂಚಿನ ತಲೆಗಳು ಸಾಲಾಗಿ ನಿಂತಿವೆ. ಊರಾಚೆಯ ಹೆದ್ದಾರಿಯಲ್ಲಿ ಸುಮಾರು 22 ಕಿ.ಮೀ. ಉದ್ದಕ್ಕೂ ಸಾಲುಮರಗಳಿವೆ. ಮೊದಲ ಮಹಾಯುದ್ಧಕ್ಕೆ ಹೋದ ಈ ಸೀಮೆಯ ಒಬ್ಬೊಬ್ಬರಿಗೂ ಒಂದೊಂದು ಮರ, ಹೀಗೆ 3,700ಕ್ಕೂ ಹೆಚ್ಚು. ಹೆಸರಿಲ್ಲದ ಮರ ಒಂದೂ ಇಲ್ಲ.

ನಾನು ಹೇಳಹೊರಟ ಸ್ಮಾರಕದಲ್ಲಿ ಹೆಸರುಗಳೇ ಇಲ್ಲ. ಸ್ಟರ್ಟ್ ಸ್ಟ್ರೀಟ್ ಎಂಬ ಅಗಲವಾದ ಬೀದಿಯಲ್ಲಿ ಸೇಂಟ್ ಪ್ಯಾಟ್ರಿಕ್ಸ್ ಕೆಥೆಡ್ರಲ್ ಇದೆ. ಹಳೆಯ ಜ್ವಾಲಾಮುಖಿಗಳು ಉಗುಳಿದ ಕಪ್ಪುಕಲ್ಲಿನ ಗಂಭೀರ ಕಟ್ಟಡ. ಅದರ ಕಬ್ಬಿಣದ ಬೇಲಿಯ ಸರಳುಗಳಿಗೆ ಕೆಂಪು, ಹಳದಿ, ನೀಲಿ, ನೇರಳೆ, ನೂರಾರು ರಿಬ್ಬನ್ನುಗಳು ಜೋತುಬಿದ್ದು ಗಾಳಿಗೆ ಪಟಪಟ ಎನ್ನುತ್ತಿದ್ದವು.

“ಇಲ್ಲೂ ಹರಕೆ ಕಟ್ತಾರೇನೋ?” ಎಂದೆ.

“ಹರಕೆ ಅಲ್ಲಪ್ಪ, ಇದು ಲೌಡ್ ಫೆನ್ಸ್,” ಎಂದ ಮಗ. ಗಟ್ಟಿಯಾಗಿ ಮಾತಾಡುವ ಬೇಲಿ ಎಂದರ್ಥ.

1970ರ ದಶಕದ ಆರಂಭದಲ್ಲಿ ಬ್ಯಾಲರಟ್ ಪೂರ್ವದ ಸೇಂಟ್ ಅಲಿಪಿಯಸ್ ಎಂಬ ಗಂಡುಮಕ್ಕಳ ಶಾಲೆಯಲ್ಲಿ ಚಿಕ್ಕ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತು. ಎಸಗಿದವರು ಪಾಠ ಹೇಳುವ ಬ್ರದರ್‌ಗಳು ಮತ್ತು ಶಾಲೆಯ ಪಾದ್ರಿ. ಒಬ್ಬರಲ್ಲ, ಹಲವರು. ಆ ಪಾದ್ರಿ 1993ರಲ್ಲಿ ಜೈಲು ಸೇರಿ, ಮತ್ತೆ ಮತ್ತೆ ಶಿಕ್ಷೆಗೊಳಗಾಗಿ 2025ರಲ್ಲಿ ಸತ್ತ. ದೂರುಗಳು ಬಂದಾಗ ಮೇಲಿನವರು ಅವನನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ವರ್ಗ ಮಾಡಿದ್ದರು. ವರ್ಗ ಎಂಬ ಈ ಔಷಧ ಎಲ್ಲ ದೇಶಗಳಲ್ಲೂ ಸಿಗುತ್ತದೆ ಎಂದು ಕಾಣುತ್ತದೆ!

2013ರಿಂದ 2017ರವರೆಗೆ ಇಂಥ ಪ್ರಕರಣಗಳ ಬಗ್ಗೆ ದೇಶದಾದ್ಯಂತ ರಾಯಲ್ ಕಮಿಷನ್ ವಿಚಾರಣೆ ನಡೆಸಿತು. 8,000ಕ್ಕೂ ಹೆಚ್ಚು ಮಂದಿ ಖಾಸಗಿಯಾಗಿ ತಮ್ಮ ಕತೆ ಹೇಳಿಕೊಂಡರು. 2015ರ ಮೇ ತಿಂಗಳಲ್ಲಿ ಕಮಿಷನ್ ಬ್ಯಾಲರಟ್‌ಗೆ ಬಂತು. ಮಧ್ಯವಯಸ್ಸು ದಾಟಿದ ಗಂಡಸರು ತಮ್ಮದೇ ಊರಿನವರ ಮುಂದೆ ನಿಂತು ಹತ್ತು ವರ್ಷದ ಹುಡುಗರಾಗಿದ್ದಾಗ ಆದದ್ದನ್ನು ಹೇಳಿದರು. ಆ ದಿನಗಳಲ್ಲೇ ಊರಿನ ಕೆಲವರು ಸೇಂಟ್ ಅಲಿಪಿಯಸ್ ಬೇಲಿಗೆ ಒಂದಿಷ್ಟು ಬಣ್ಣದ ರಿಬ್ಬನ್ ಕಟ್ಟಿದರು. ಅಷ್ಟು ಕಾಲದ ಮೌನಕ್ಕೆ ಗಟ್ಟಿಯಾದ ಬಣ್ಣಗಳೇ ಉತ್ತರ ಎಂದು. ಇದಕ್ಕೆ ಶಿಲ್ಪಿಯಿಲ್ಲ, ಸಮಿತಿಯಿಲ್ಲ, ಉದ್ಘಾಟನೆಯಿಲ್ಲ. ಅಂಗಡಿಯಲ್ಲಿ ಒಂದು ಗಜ ರಿಬ್ಬನ್ ಕೊಂಡರೆ ಮುಗಿಯಿತು. ಕೆಲವೆಡೆ ರಿಬ್ಬನ್ನುಗಳನ್ನು ಕತ್ತರಿಸಿ ತೆಗೆದದ್ದೂ ಉಂಟು. ತೆಗೆದಷ್ಟೂ ಹೆಚ್ಚಾದವು.

ನಾವು ಸೇಂಟ್ ಅಲಿಪಿಯಸ್‌ವರೆಗೂ ನಡೆದೆವು. ಬ್ಯಾಲರಟ್ ಎತ್ತರದ ಊರು, ಮೇ ಎಂದರೆ ಅಲ್ಲಿ ಚಳಿಯ ಬಾಗಿಲು. ಉಣ್ಣೆಯ ಟೋಪಿ ಹಾಕಿಕೊಂಡಿದ್ದ ವಯಸ್ಸಾದ ಹೆಂಗಸೊಬ್ಬರು ಕೈಗವಸು ತೆಗೆದು ಹಸಿರು ರಿಬ್ಬನ್ ಒಂದನ್ನು ಕಟ್ಟುತ್ತಿದ್ದರು. ಪಕ್ಕದಲ್ಲಿದ್ದ ಮಾಸಿದ ರಿಬ್ಬನ್ನನ್ನು ಅವರು ಬಿಚ್ಚಲಿಲ್ಲ. ನಮ್ಮನ್ನು ನೋಡಿ ತಲೆಯಾಡಿಸಿದರು. ಯಾರಿಗಾಗಿ ಎಂದು ನಾವು ಕೇಳಲಿಲ್ಲ.

ರಿಬ್ಬನ್ ಮಾಸುವುದಕ್ಕೆ ಕಾರಣವಿದೆ (ಮೇಷ್ಟರ ಚಟ, ಕ್ಷಮಿಸಿ). ಬಿಸಿಲಿನ ಅತಿನೇರಳೆ ಕಿರಣಗಳು ಬಣ್ಣದ ಅಣುಗಳನ್ನು ಒಡೆಯುತ್ತವೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯಲ್ಲಿ. ದಕ್ಷಿಣ ಗೋಳಾರ್ಧಕ್ಕೆ ಆಗ ಬೇಸಿಗೆ. ಹೀಗಾಗಿ ಆಸ್ಟ್ರೇಲಿಯಾದ ಬಿಸಿಲು ಬಟ್ಟೆಗೆ ಕಟುಕ. ಕಂಚಿನ ಪ್ರತಿಮೆಯನ್ನು ನಿಲ್ಲಿಸಿ ಮನೆಗೆ ಹೋಗಬಹುದು. ಈ ಬೇಲಿ ಹಾಗಲ್ಲ, ಜನ ಬರುವುದನ್ನು ಬಿಟ್ಟರೆ ಒಂದೆರಡು ಬೇಸಿಗೆಯಲ್ಲಿ ಬಿಳಿಚಿಕೊಳ್ಳುತ್ತದೆ. ನಾನು ಕಂಡಾಗ ಬೇಲಿ ಶುರುವಾಗಿ ಮೂರು ವರ್ಷವಾಗಿತ್ತು. ಹೊಳೆಯುವ ರಿಬ್ಬನ್ನುಗಳೇ ಹೆಚ್ಚಿದ್ದವು.

ನಮ್ಮಲ್ಲಿ ಮರಕ್ಕೆ ಬಟ್ಟೆ ಕಟ್ಟುವವರು, ತೊಟ್ಟಿಲು ಕಟ್ಟುವವರು ದೇವರಲ್ಲಿ ಏನನ್ನೋ ಬೇಡುತ್ತಾರೆ. ಇಲ್ಲಿ ಬೇಡಿಕೆಯಿಲ್ಲ. ‘ನೀನು ಹೇಳಿದ್ದನ್ನು ನಂಬುತ್ತೇನೆ’ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವುದಷ್ಟೆ. ಮೂವತ್ತು ವರ್ಷಗಳ ಹತ್ತಿರ ತರಗತಿಯಲ್ಲಿ ನಿಂತವನಿಗೆ ಇದು ಸಣ್ಣ ಮಾತಲ್ಲ ಎಂದು ಗೊತ್ತು. ಮಗು ಸಾಮಾನ್ಯವಾಗಿ ಒಮ್ಮೆ ಹೇಳಿ ನೋಡುತ್ತದೆ, ಅದೂ ಅರ್ಧ. ‘ಸುಮ್ನಿರು’ ಎಂದರೆ ಮತ್ತೆ ಬಾಯಿ ಬಿಡುವುದಿಲ್ಲ. ನಮ್ಮ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಇಂಥದ್ದು ತಿಳಿದೂ ಪೊಲೀಸರಿಗೆ ವರದಿ ಮಾಡದಿರುವುದೇ ಅಪರಾಧ. ಆದರೂ ಶಾಲೆಯ ಹೆಸರು ಕೆಡುತ್ತದೆ, ಹುಡುಗಿಯ ಮದುವೆ ಏನಾದೀತು ಎಂಬ ಮಾತುಗಳೇ ಮೊದಲು ಬರುತ್ತವೆ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಗೋಡೆಯ ಮೇಲೆ ಬರೆಸುವುದು ಸುಲಭ. ಆ ಗೋಡೆಯ ಎದುರು ನಿಂತ ಮಗುವಿಗೆ, ತನ್ನ ಮಾತು ಕೇಳುವವರು ಒಬ್ಬರಾದರೂ ಇದ್ದಾರೆ ಎನ್ನಿಸಬೇಕಲ್ಲ.

ಬ್ಯಾಲರಟ್‌ನ ರಿಬ್ಬನ್ನುಗಳು ಅಲ್ಲೇ ಉಳಿಯಲಿಲ್ಲ. 2016ರಲ್ಲಿ ಕಾರ್ಡಿನಲ್ ಜಾರ್ಜ್ ಪೆಲ್ ರೋಮ್‌ನಿಂದ ವಿಡಿಯೋ ಮೂಲಕ ಕಮಿಷನ್ನಿಗೆ ಸಾಕ್ಷ್ಯ ಹೇಳಿದಾಗ, ಎದುರಿಗೇ ಕುಳಿತು ಕೇಳಲೆಂದು ಬ್ಯಾಲರಟ್‌ನ ಸಂತ್ರಸ್ತರು ಸಾರ್ವಜನಿಕರು ಕೊಟ್ಟ ಹಣದಲ್ಲಿ ರೋಮ್‌ಗೆ ಹಾರಿದರು. ರಿಬ್ಬನ್ನುಗಳೂ ಜೊತೆಗೆ ಹೋದವು. ಪೆಲ್ ಅವರ ಮೇಲೆಯೇ ಬಂದಿದ್ದ ಆರೋಪದಲ್ಲಿ ಆದ ಶಿಕ್ಷೆಯನ್ನು 2020ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ ರದ್ದುಮಾಡಿತು. ಆದರೆ ಇತರ ಪಾದ್ರಿಗಳ ಕೃತ್ಯಗಳು 1970ರ ದಶಕದಲ್ಲೇ ಅವರ ಅರಿವಿಗೆ ಬಂದಿದ್ದವು ಎಂಬುದು ಕಮಿಷನ್ನಿನ ತೀರ್ಮಾನ. 2023ರ ಫೆಬ್ರವರಿಯಲ್ಲಿ ಸಿಡ್ನಿಯ ಸೇಂಟ್ ಮೇರೀಸ್ ಕೆಥೆಡ್ರಲ್‌ನಲ್ಲಿ ಅವರ ಅಂತ್ಯಕ್ರಿಯೆ ನಡೆಯುವ ಹೊತ್ತಿಗೆ ಅಲ್ಲಿನ ಬೇಲಿಯ ಮೇಲೂ ರಿಬ್ಬನ್ನುಗಳು ಬಂದವು. ಅವನ್ನು ತೆಗೆದುಹಾಕಿದರು. ಜನ ಮತ್ತೆ ಕಟ್ಟಿದರು.